ಚಿಕ್ಕ ಗಂಟೆಯ ಎಂಟು

ವೇದಿಕೆಯ ಮೇಲಿರುವ ಮಾನ್ಯ ಮೇಯರ್ ತೈಸ್ ಅವರೇ, ಪುರಸಭೆಯ ಸದಸ್ಯರೇ, ವರ್ಷಗಟ್ಟಲೆ ಸಾರುವೆಯ ಮೇಲೆ ನಿಂತು ನಮ್ಮ ಪುರಭವನದ ಮುಖ ತೊಳೆದುಕೊಟ್ಟ ಕುಶಲಕರ್ಮಿಗಳೇ, ಹೊರಗಿನಿಂದ ಬಂದಿರುವ ಅತಿಥಿಗಳೇ, ಭಾಷಣ ಮುಗಿದರೆ ಬಿಯರು ಸಿಗುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಕುಳಿತಿರುವ ನನ್ನ ಪ್ರೀತಿಯ ಲಿಂಡರ್‌ಬೆಕ್ಕಿನ ಸಭಿಕರೇ,

ನಿಮಗೆಲ್ಲ ಈ ಸಂಜೆಯ ವಂದನೆಗಳು. ನನಗೆ ಕೊಟ್ಟಿರುವ ವಿಷಯ ನಮ್ಮ ಪುರಭವನದ ಚರಿತ್ರೆ ಮತ್ತು ವಾಸ್ತುಶಿಲ್ಪ. ಮೇಯರು ನಿನ್ನೆ ಫೋನು ಮಾಡಿ, "ಮೇಡಂ, ಚರಿತ್ರೆ ಸ್ವಲ್ಪ, ಕಲ್ಲು ಸ್ವಲ್ಪ, ಕೊನೆಗೆ ಗಂಟೆ ವಿಚಾರ ಒಂದು ಮಾತು. ದಯವಿಟ್ಟು ಜಾಸ್ತಿ ಎಳೀಬೇಡಿ" ಎಂದರು. ಈ ಮಹಾನುಭಾವರು ಚಿಕ್ಕವರಿದ್ದಾಗ ಮೆಟ್ಟಿಲ ಪಕ್ಕದ ಕಲ್ಲಿನ ಜಾಲರಿಯೊಳಗೆ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿದ್ದರು. ಕಿವಿಗಳಿಗೆ ಬೆಣ್ಣೆ ಹಚ್ಚಿ ಎಳೆದವಳು ನಾನು. ಎಳೆಯುವುದು ನನಗೆ ಅಂದಿನಿಂದಲೇ ಅಭ್ಯಾಸವಾಗಿಬಿಟ್ಟಿದೆ, ಕ್ಷಮಿಸಬೇಕು.

ಗಂಟೆಯ ವಿಚಾರ ಏನೆಂದು ನಮ್ಮವರಿಗೆಲ್ಲ ಗೊತ್ತು. ಅತಿಥಿಗಳಿಗಾಗಿ ಹೇಳುತ್ತೇನೆ. ನಮ್ಮ ಗೋಪುರದಲ್ಲಿ ಎರಡು ಗಂಟೆಗಳಿವೆ. ದೊಡ್ಡವನ ಹೆಸರು ಹೆಂದ್ರಿಕ್, ಚಿಕ್ಕವಳ ಹೆಸರು ಮಾಯ್ಕೆ. ಎಂಟಕ್ಕೆ ಸರಿಯಾಗಿ ಹೆಂದ್ರಿಕ್ ತನ್ನ ದಪ್ಪ ದನಿಯಲ್ಲಿ ಎಂಟು ಹೊಡೆಯುತ್ತಾನೆ. ಆದರೆ ಅದಕ್ಕೆ ಅರ್ಧ ಗಂಟೆ ಮೊದಲೇ, ಏಳೂವರೆಗೆ, ಮಾಯ್ಕೆ ತನ್ನ ಸಣ್ಣ ದನಿಯಲ್ಲಿ ಅದೇ ಎಂಟನ್ನು ಹೊಡೆದು ಮುಗಿಸಿರುತ್ತಾಳೆ. ಬರಲಿರುವುದು ಎಂಟು, ತಯಾರಾಗಿ ಎಂದು ಅವಳ ಅರ್ಥ. ಪ್ರತಿ ಗಂಟೆಗೂ ಹೀಗೆಯೇ. ಈ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಹೊರಗಿನವರಿಗೆ ಗೊತ್ತಿಲ್ಲ. ಹೋಟೆಲಿನಲ್ಲಿ ತಂಗಿದವರು ಏಳೂವರೆಗೆ ಎಂಟು ಕೇಳಿ ಗಾಬರಿಯಾಗಿ ಅರ್ಧ ಗಡ್ಡ ಬಿಟ್ಟು ಓಡಿಬರುತ್ತಿದ್ದರಂತೆ. ಆದ್ದರಿಂದ ಎಲ್ಲ ಊರುಗಳ ಹಾಗೆ ಇನ್ನು ಮೇಲೆ ಅರ್ಧಕ್ಕೆ ಒಂದೇ ಒಂದು ಪೆಟ್ಟು ಸಾಕು ಎಂದು ಹೋಟೆಲಿನವರಿಂದ ಪುರಸಭೆಯ ಮುಂದೆ ಅರ್ಜಿ ಬಂದಿದೆ. ಸದಸ್ಯರು ಈ ಸಭೆ ಮುಗಿದ ಮೇಲೆ ಕೈಯೆತ್ತಿ ತೀರ್ಮಾನ ಮಾಡುತ್ತಾರೆ. ಪರಂಪರಾ ಸಮಿತಿಯ ಅಧ್ಯಕ್ಷೆಯಾದ ನನ್ನ ಮಾತು ಕೇಳಿ ತೀರ್ಮಾನ ಮಾಡುತ್ತಾರಂತೆ. ಇರಲಿ, ಮೊದಲು ಚರಿತ್ರೆ.

ಆರುನೂರು ವರ್ಷಗಳ ಹಿಂದೆ ಈ ಊರು ಏನಾಗಿತ್ತು? ನೇಕಾರರ ಊರಾಗಿತ್ತು. ಕಾಲುವೆಯ ಎರಡೂ ದಡದಲ್ಲಿ ಮಗ್ಗಗಳು, ಬಣ್ಣದ ತೊಟ್ಟಿಗಳು, ಒಣಗಲು ಹರಡಿದ ಉಣ್ಣೆಯ ಬಟ್ಟೆಗಳು. ಅರಸರು ಬೇರೆಲ್ಲೋ ಇದ್ದರು, ಬಿಷಪ್ಪರು ಮತ್ತೆಲ್ಲೋ ಇದ್ದರು. ಆದರೆ ನೇಕಾರರು ಇಲ್ಲಿದ್ದರು. ಅವರಿಗೆ ಒಂದು ಆಸೆ ಹುಟ್ಟಿತು. ದೇವರಿಗೆ ಗೋಪುರವಿದೆ, ದೊರೆಗೆ ಕೋಟೆಯಿದೆ, ನಮಗೇಕೆ ಏನೂ ಇಲ್ಲ? ಹಾಗೆ ಕೇಳಿಕೊಂಡವರು ಕಟ್ಟಿದ ಮನೆ ಇದು. ಇಲ್ಲಿ ದೇವರೂ ಇಲ್ಲ, ದೊರೆಯೂ ಇಲ್ಲ, ಊರಿನ ಜನ ಕುಳಿತು ತಮ್ಮ ಜಗಳ ತಾವೇ ಬಗೆಹರಿಸಿಕೊಳ್ಳುವ ಜಾಗ. ಜಗಳ ಇವತ್ತಿಗೂ ಬಗೆಹರಿದಿಲ್ಲ ಎಂಬುದು ಬೇರೆ ಮಾತು.

ಮುಂಭಾಗವನ್ನು ನೋಡಿದವರು ಎಡಗೈ ಗಿಡ್ಡ, ಬಲಗೈ ಉದ್ದ ಎನ್ನುತ್ತಾರೆ. ನಿಜ. ಗೋಪುರದ ಎಡಕ್ಕೆ ನಾಲ್ಕು ಕಿಟಕಿ, ಬಲಕ್ಕೆ ಆರು. ಬಲಭಾಗ ಕಟ್ಟಿದ ಮೇಸ್ತ್ರಿ ಸತ್ತ, ಎಡಕ್ಕೆ ಬಂದವನು ಎದುರಾದ ಮನೆಯ ಮುದುಕಿಯನ್ನು ಎಬ್ಬಿಸಲಾರದೆ ಗೋಡೆ ಅಲ್ಲಿಗೇ ನಿಲ್ಲಿಸಿದ. ನಮ್ಮೂರಿನ ಹೆಂಗಸರು ಎಂಥವರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಬೇಕೇ? ಕಿಟಕಿಗಳ ಮೊನೆಗಮಾನುಗಳನ್ನು ನೋಡಿ, ಎರಡು ಕೈ ಜೋಡಿಸಿದಂತೆ ಮೇಲಕ್ಕೆ ಹೋಗಿ ಸೇರುತ್ತವೆ. ಅವುಗಳ ನಡುವೆ ಸಾಲುಸಾಲು ಗೂಡುಗಳು. ಆ ಗೂಡುಗಳು ನಾನೂರು ವರ್ಷ ಖಾಲಿ ಇದ್ದವು. ಯುದ್ಧ ಬಂತು, ಬಟ್ಟೆ ವ್ಯಾಪಾರ ಬಿತ್ತು, ವಿಗ್ರಹ ಮಾಡಿಸುವವರಿರಲಿಲ್ಲ. ಯಾರೋ ಬರುತ್ತಾರೆಂದು ಪೀಠ, ಮೇಲೊಂದು ಕಲ್ಲಿನ ಕೊಡೆ ಎಲ್ಲ ಸಿದ್ಧ ಮಾಡಿಟ್ಟುಕೊಂಡು, ಯಾರೂ ಬಾರದೆ ನಾನೂರು ವರ್ಷ ನಿಂತ ಗೋಡೆ ಇದು. ಈಗ ಅಲ್ಲಿರುವ ಗಡ್ಡದ ಮಹನೀಯರೆಲ್ಲ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಬಂದವರು. ನನ್ನನ್ನು ಕೇಳಿದರೆ ಖಾಲಿ ಗೂಡೇ ಚೆನ್ನಾಗಿತ್ತು, ಆದರೆ ಅದನ್ನು ನಾನು ನೋಡಿಲ್ಲ.

ಇನ್ನು ಶಿಖರಗಳು. ಚಾವಣಿಯ ಅಂಚಿನಲ್ಲಿ ನಿಂತ ಆ ಸಣ್ಣ ಮೊನೆಗೋಪುರಗಳ ಮೈತುಂಬ ಸುರುಳಿ ಎಲೆಗಳಿವೆ. ಎಲ್ಲ ಓಕ್ ಮರದ ಎಲೆಗಳು. ಒಂದೇ ಒಂದು ಬಿಟ್ಟು. ಬಲಗಡೆಯಿಂದ ಎರಡನೆಯ ಶಿಖರದಲ್ಲಿ, ಚೌಕಕ್ಕೆ ಬೆನ್ನು ಹಾಕಿದ ಕಡೆ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ಎಲೆಯೊಂದಿದೆ. ಕೆಳಗಿನಿಂದ ಕಾಣುವುದಿಲ್ಲ. ಅದು ಮಧ್ಯಯುಗದ್ದೂ ಅಲ್ಲ. ಅದಿರುವುದು ನನಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಅದು ನಮ್ಮಪ್ಪನ ತೋಟದ ಎಲೆ.

ಈ ಕಟ್ಟಡಕ್ಕೆ ಹಿಂದೆಯೂ ಒಮ್ಮೆ ದೊಡ್ಡ ದುರಸ್ತಿ ನಡೆದಿತ್ತು. ಎಪ್ಪತ್ತರ ದಶಕದ ಮಾತು. ಕಲ್ಲುಕುಟಿಗರು ಸ್ಪೇನ್ ದೇಶದ ಗಲೀಸಿಯಾ ಸೀಮೆಯಿಂದ ಬಂದಿದ್ದರು. ಅವರಲ್ಲಿ ಪಳಗಿದವರಿಗೆ ಮುಖಗಳನ್ನು ಕೊಟ್ಟಿದ್ದರು, ಎಳಬರಿಗೆ ಎಲೆಗಳನ್ನು. ನಾನಾಗ ಮೇಲಂತಸ್ತಿನ ಜನನ ಮರಣ ಕಚೇರಿಯಲ್ಲಿ ಟೈಪಿಸ್ಟು. ಸಾರುವೆ ನನ್ನ ಕಿಟಕಿಯ ಮುಂದೆಯೇ ಹಾದುಹೋಗಿತ್ತು. ಎಲೆ ಕೆತ್ತುವವನೊಬ್ಬ ದಿನವೂ ಆ ಹಲಗೆಯ ಮೇಲೆ ಕುಳಿತು ಕೊಡತಿಯಿಂದ ಟಕ್ ಟಕ್ ಅನ್ನಿಸುತ್ತಿದ್ದ. ನಾನು ಒಳಗೆ ಟಕ್ ಟಕ್ ಅನ್ನಿಸುತ್ತಿದ್ದೆ. ಅವನ ಹೆಸರು ಎಲಾದಿಯೊ. ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ, ಹಾಗಾಗಿ ಅವನಿಗೆ ವಯಸ್ಸೆಷ್ಟು ಎಂದು ತಿಳಿಯಲು ನನಗೆ ಒಂದು ತಿಂಗಳೇ ಹಿಡಿಯಿತು. ಒಂದು ಮಳೆಯ ದಿನ ಕಿಟಕಿ ತೆರೆದು ಕಾಫಿ ಕೊಟ್ಟೆ. ಆಮೇಲೆ ಮಳೆ ಇಲ್ಲದ ದಿನವೂ ಕೊಟ್ಟೆ.

ಇದು ವಾಸ್ತುಶಿಲ್ಪಕ್ಕೆ ಸಂಬಂಧಪಟ್ಟ ವಿಷಯವೇ, ತೈಸ್, ಕೈಗಡಿಯಾರ ನೋಡಬೇಡಿ.

ಅವನು ಒಮ್ಮೆ ಕೇಳಿದ, "ಬರೀ ಓಕ್ ಕೆತ್ತಿ ಕೆತ್ತಿ ಬೇಜಾರಾಯ್ತು. ನಿಮ್ಮೂರಲ್ಲಿ ಬೇರೆ ಎಲೆನೇ ಇಲ್ವಾ?" ಅವನ ಮುರುಕು ಫ್ರೆಂಚಿನಲ್ಲಿ ಕೇಳಿದ, ನನ್ನ ಮುರುಕು ಫ್ರೆಂಚಿನಲ್ಲಿ ಉತ್ತರಿಸಿದೆ. ಮರುದಿನ ಅಪ್ಪನ ತೋಟದಿಂದ ಹಾಪ್ಸ್ ಬಳ್ಳಿಯ ತುಂಡೊಂದನ್ನು ತಂದು ಕಿಟಕಿಯಿಂದ ಕೊಟ್ಟೆ. ಅದು ಬಾಡುವ ಮೊದಲು ಕೆತ್ತಿ ಮುಗಿಸಿದ. ಮೇಸ್ತ್ರಿಗೆ ಕಾಣದ ಹಾಗೆ ಬೆನ್ನಿನ ಕಡೆ ಕೂರಿಸಿದ. "ಇದು ನಿಮ್ಮ ಪುರಸಭೆಗಲ್ಲ, ನಿನಗೆ" ಎಂದ. ಸಭಿಕರೇ, ಈ ಊರಿನಲ್ಲಿ ಯಾವ ಹೆಂಗಸಿಗೆ ಗಂಡಸರು ಅಷ್ಟು ಎತ್ತರದಲ್ಲಿ ಏನನ್ನಾದರೂ ಕೊಟ್ಟಿದ್ದಾರೆ?

ಮೂರನೆಯ ಸಾಲಿನಲ್ಲಿ ನನ್ನ ಮಗಳು ಹಿಲ್ಡೆ ಕುಳಿತಿದ್ದಾಳೆ. ಅವಳ ಮುಖ ಈಗ ಹೇಗಾಗಿದೆ ಎಂದು ನನಗಿಲ್ಲಿಂದಲೇ ಕಾಣುತ್ತಿದೆ. ಕೂತುಕೋ ಮಗಳೇ, ನಿಮ್ಮಪ್ಪನ ಬಗ್ಗೆಯೂ ಹೇಳುತ್ತೇನೆ.

ಸಾರುವೆ ಇಳಿಯುವ ದಿನ ಬಂತು. ಕಲ್ಲುಕುಟಿಗರ ತಂಡ ಫ್ರಾನ್ಸಿನ ಯಾವುದೋ ಚರ್ಚಿನ ಕೆಲಸಕ್ಕೆ ಹಿಂದಿನ ದಿನವೇ ರೈಲು ಹತ್ತಿತ್ತು. ಇವನೊಬ್ಬ ಉಳಿದಿದ್ದ. ಅವನ ಬಳಿ ಒಂದು ಹಳೆಯ ಮೋಟಾರ್‌ಸೈಕಲ್ ಇತ್ತು, ಹಿಂದೆ ಉಳಿಗಳ ಪೆಟ್ಟಿಗೆ ಕಟ್ಟಿದ್ದ. ಪೆಟ್ಟಿಗೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಒಬ್ಬರು ಕುಳಿತುಕೊಳ್ಳುವಷ್ಟು ಜಾಗ. ನನ್ನನ್ನು ಕೇಳಿದ. ಉತ್ತರಕ್ಕೆ ಕಾಯದೆ ಅವನೇ ಹೇಳಿದ, "ಇವತ್ತು ಸಂಜೆ ನಿಮ್ಮ ಗಂಟೆ ಮತ್ತೆ ಹೊಡೆಯುತ್ತಂತಲ್ಲ. ಅದು ಎಂಟು ಹೊಡೆಯೋದ್ರೊಳಗೆ ಪುರಭವನದ ಬಾಗಿಲ ಕಮಾನಿನ ಕೆಳಗೆ ಬಾ. ಬಂದ್ರೆ ಹೋಗೋಣ. ಬರದಿದ್ರೆ ನಾನು ಕೇಳಲೇ ಇಲ್ಲ ಅಂದ್ಕೋತೀನಿ. ನಿನ್ನ ಮೇಲೆ ಕೋಪ ಇಲ್ಲ." ನಾನು "ಸರಿ" ಎಂದೆ. ಒಂದೇ ಮಾತು, ಸರಿ.

ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಕೆಲಸ ನಡೆದ ಅಷ್ಟೂ ಕಾಲ ಗಂಟೆಗಳನ್ನು ನಿಲ್ಲಿಸಿದ್ದರು, ಪಕ್ಕದಲ್ಲೇ ಕೆಲಸ ಮಾಡುವವರ ಕಿವಿ ಹೋಗಬಾರದೆಂದು. ಗಡಿಯಾರದ ಮುಖವನ್ನು ಚಿನ್ನದ ಲೇಪಕ್ಕೆ ಕಳಿಸಿದ್ದರು, ಆ ಸಂಜೆಗೂ ಬಂದಿರಲಿಲ್ಲ. ಮುಳ್ಳುಗಳಿರಲಿಲ್ಲ, ಗಂಟೆಗಳಷ್ಟೇ ಶುರುವಾಗುವುದಿತ್ತು. ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ? ನಿಂತ ಗಡಿಯಾರವನ್ನು ಮತ್ತೆ ಶುರುಮಾಡುವಾಗ ಮೊದಲ ಮಾತು ಮಾಯ್ಕೆಯದಾಗಬೇಕು. ಅರ್ಧಕ್ಕೇ ಶುರು ಮಾಡಬೇಕು. ಈ ದುರಸ್ತಿಗೆಂದು ನಿಲ್ಲಿಸಿದ ಗಂಟೆಗಳನ್ನು ಇವತ್ತು ಸಂಜೆಯೂ ಹಾಗೆಯೇ ಶುರು ಮಾಡುತ್ತಾರೆ. ಅಂದೂ ಹಾಗೆಯೇ ಏಳೂವರೆಗೆ ಶುರು ಮಾಡಿದರು. ಎಲಾದಿಯೊ ಆ ಗೋಪುರದ ಪಕ್ಕದಲ್ಲಿ ಅಷ್ಟು ಕಾಲ ಕೆಲಸ ಮಾಡಿದ್ದ, ಆದರೆ ಗಂಟೆಯ ದನಿಯನ್ನು ಒಂದು ಸಲವೂ ಕೇಳಿರಲಿಲ್ಲ. ಕೈಗಡಿಯಾರ ಕಟ್ಟುತ್ತಿರಲಿಲ್ಲ, ಕಲ್ಲಿನ ಪುಡಿಗೆ ಕೆಡುತ್ತದೆ ಎನ್ನುತ್ತಿದ್ದ.

ನನಗೆ ಅದು ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂದು ನಾವು ಯಾರಿಗಾದರೂ ಹೇಳುತ್ತೇವೆಯೇ?

ಆ ಸಂಜೆ ಊರಿಗೆ ಊರೇ ಕಾಲುವೆಯ ಬಳಿ ಬ್ಯಾಂಡು ಕೇಳುತ್ತಿತ್ತು. ನಾನು ಹೊಸ ಶೂ ಹಾಕಿಕೊಂಡಿದ್ದೆ. ಕೈಯಲ್ಲಿ ಅಮ್ಮನ ಚೀಲ. ಏಳೂವರೆಗೆ ಮಾಯ್ಕೆ ಹೊಡೆದಾಗ ನಾನಿನ್ನೂ ತೋಟದ ದಾರಿಯಲ್ಲಿದ್ದೆ. ಎಷ್ಟು ಖುಷಿಯಾಯಿತು ಗೊತ್ತೇ! ವರ್ಷಗಳ ಮೇಲೆ ಅವಳ ದನಿ ಕೇಳಿದ್ದೆ. ಇನ್ನೂ ಅರ್ಧ ಗಂಟೆ ಇದೆಯಲ್ಲ ಎಂದು ದಾರಿಯಲ್ಲಿ ನಿಂತು ಶೂ ಒರೆಸಿಕೊಂಡೆ, ಕೂದಲು ಸರಿಮಾಡಿಕೊಂಡೆ. ಎಂಟಕ್ಕೆ ಕಾಲು ಗಂಟೆ ಇರುವಾಗಲೇ ಕಮಾನಿನ ಕೆಳಗೆ ನಿಂತಿದ್ದೆ. ಮೊದಲೇ ಬಂದಿದ್ದೇನೆ, ಅವನಿಗೆ ಹೆಮ್ಮೆಯಾಗುತ್ತದೆ ಎಂದುಕೊಂಡೆ. ಚೌಕದಲ್ಲಿ ಯಾರೂ ಇರಲಿಲ್ಲ. ಹೆಂದ್ರಿಕ್ ಎಂಟು ಹೊಡೆದ. ಅರ್ಧಕ್ಕೆ ಮಾಯ್ಕೆ ಒಂಬತ್ತು ಹೊಡೆದಳು. ಹೆಂದ್ರಿಕ್ ಒಂಬತ್ತು ಹೊಡೆದ. ಹೊಸ ಶೂ ಹಿಮ್ಮಡಿಯನ್ನು ಕಚ್ಚಿತ್ತು, ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದೆ. ಅಪ್ಪ ಬಾಗಿಲಲ್ಲಿ, "ಬ್ಯಾಂಡು ಹೇಗಿತ್ತು ಮಗಳೇ?" ಎಂದು ಕೇಳಿದರು. "ಚೆನ್ನಾಗಿತ್ತಪ್ಪ" ಎಂದೆ.

ಬರಲಿಲ್ಲ. ಮನಸ್ಸು ಬದಲಾಯಿಸಿದ. ಎಲ್ಲರೂ ಹೀಗೆಯೇ. ಇಷ್ಟೇ ನನಗೆ ಅರ್ಥವಾದದ್ದು. ಬೈದೆ, ಅತ್ತೆ, ಆಮೇಲೆ ಸುಮ್ಮನಾದೆ. ಸರ್ವೆ ಇಲಾಖೆಯ ಒಮೇರ್ ಅವರನ್ನು ಇದೇ ಸಭಾಂಗಣದಲ್ಲಿ, ಇದೇ ಓಕ್ ತೊಲೆಗಳ ಕೆಳಗೆ ಮದುವೆಯಾದೆ. ಒಳ್ಳೆಯ ಮನುಷ್ಯ. ಹಿಲ್ಡೆ, ನಿಮ್ಮಪ್ಪನಂಥ ಒಳ್ಳೆಯ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಅವರ ಸೂಪಿಗೆ ಉಪ್ಪು ಕಡಿಮೆಯಾದರೂ, "ಇವತ್ತು ಉಪ್ಪು ತನ್ನ ಪಾಡಿಗೆ ತಾನಿದೆ ಕಣೇ" ಎನ್ನುತ್ತಿದ್ದರೇ ಹೊರತು ಮುಖ ಸಿಂಡರಿಸಲಿಲ್ಲ. ಅವರು ಹೋದ ಮೇಲೆ ನಾನು ಎಷ್ಟು ದಿನ ಎರಡು ತಟ್ಟೆ ಇಟ್ಟೆನೆಂದು ನಿನಗೆ ಗೊತ್ತಿದೆ. ಆ ಪ್ರೀತಿಗೆ ಇದು ಅಡ್ಡ ಬರುವುದಿಲ್ಲ, ಇದಕ್ಕೆ ಆ ಪ್ರೀತಿ ಅಡ್ಡ ಬರಲಿಲ್ಲ.

ನಮ್ಮ ಮದುವೆಯಾಗಿ ಹತ್ತು ವರ್ಷ ತುಂಬಿದ ಊಟ ಚೌಕದ ಮೂಲೆಯ ಝುಲ್ಮಾಳ ಕೆಫೆಯಲ್ಲಿ ಆಯಿತು. ಝುಲ್ಮಾ ಈಗಿಲ್ಲ. ಅವಳ ನಾಲಿಗೆ ನಿಮಗೆಲ್ಲ ನೆನಪಿದೆ. ಬಿಯರು ಸುರಿಯುತ್ತಾ ಹೊರಗಿನವರ ಪೆದ್ದುತನದ ಕಥೆಗಳನ್ನು ಶುರು ಮಾಡಿದಳು. "ಕೇಳ್ರೋ, ಹಿಂದೆ ಸಾರುವೆ ಇಳಿಸಿದ ದಿನ ಒಬ್ಬ ಸ್ಪೇನಿನವನು ಬಂದು ಆ ಕಮಾನಿನ ಕೆಳಗೆ ಮೋಟಾರ್‌ಸೈಕಲ್ ನಿಲ್ಲಿಸಿದ್ದ. ಗಡ್ಡ ಗಿಡ್ಡ ಎಲ್ಲ ಹೆರ್ಕೊಂಡು ಮದುವೆ ಗಂಡಿನ ಥರ ಬಂದಿದ್ದ ಮಾರಾಯ್ತಿ! ಮಾಯ್ಕೆ ಹೊಡೆಯೋಕೆ ಶುರುಮಾಡಿದ್ಲು. ಇವನು ಒಂದೊಂದೇ ಬೆರಳು ಮಡಚಿ ಎಣಿಸ್ತಾನೆ. ಎಂಟಾಯ್ತು. ಮುಖ ಈಟಾಯ್ತು ನೋಡು! ಆದ್ರೂ ಒಂದು ಸಿಗರೇಟು ಮುಗಿಯೋವರೆಗೂ ನಿಂತ. ನಾನು ಬಾಗಿಲಿಂದ ಕೂಗ್ದೆ, ಅಯ್ಯೋ ಪೆದ್ದಪ್ಪ, ಅದು ಅರ್ಧ ಕಣೋ, ಇನ್ನೂ ಎಂಟಾಗಿಲ್ಲ ಅಂತ. ಅವನಿಗೆ ನಮ್ಮ ಮಾತು ಎಲ್ಲಿ ಬರುತ್ತೆ? ನಾನು ಹೋಗಿ ಬಾ ಅಂತಿದೀನಿ ಅಂದ್ಕೊಂಡು ನನಗೇ ಕೈಬೀಸಿ ಹೊರಟೇಹೋದ!"

ಮೇಜಿನ ಸುತ್ತ ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನೇ ಎಲ್ಲರಿಗಿಂತ ಜಾಸ್ತಿ ನಕ್ಕೆ. ಒಮೇರ್ ನನ್ನ ಬೆನ್ನು ತಟ್ಟಿ, "ನೀರು ಕುಡಿಯೇ, ನೆತ್ತಿಗೇರುತ್ತೆ" ಎಂದರು. ಪಕ್ಕದ ಕುರ್ಚಿಯಲ್ಲಿ ಹಿಲ್ಡೆ ಕರಿದ ಆಲೂಗಡ್ಡೆಯ ಕ್ರೋಕೆಟ್ ತಿನ್ನುತ್ತಿದ್ದಳು, ಗಲ್ಲಕ್ಕೆಲ್ಲ ಮೆತ್ತಿಕೊಂಡಿದ್ದಳು. ನಾನು ಅವಳ ಗಲ್ಲ ಒರೆಸಿದೆ.

ಅವನು ಬಂದಿದ್ದ! ಸಭಿಕರೇ, ಅವನು ಬಂದಿದ್ದ. ನಾನು ದಾರಿಯಲ್ಲಿ ನಿಂತು ಶೂ ಒರೆಸುತ್ತಿದ್ದಾಗ ಅವನು ಇಲ್ಲಿ ಸಿಗರೇಟು ಮುಗಿಸುತ್ತಿದ್ದ.

ಮುಂದೆ ಎಲ್ಲಿಗೆ ಹೋದನೋ ನನಗೆ ತಿಳಿಯದು. ಗಡಿಯ ಠಾಣೆಯಲ್ಲಿ ಗೋಡೆಯ ಗಡಿಯಾರ ನೋಡಿ ಲೆಕ್ಕ ತಪ್ಪಿದ್ದು ಅವನಿಗೆ ಹೊಳೆಯಿತೋ? ಹೊಳೆದಿದ್ದರೆ ಗಾಡಿ ಯಾಕೆ ತಿರುಗಿಸಲಿಲ್ಲ? ಅಥವಾ ನಾನು ಬರಲಿಲ್ಲ ಎಂದೇ ಇವತ್ತಿಗೂ ತಿಳಿದಿದ್ದಾನೋ? ಕೋಪ ಇಲ್ಲ ಎಂದಿದ್ದ. ಅದೇ ನನಗೆ ಹೆಚ್ಚು ನೋವು. ಕೋಪ ಮಾಡಿಕೊಂಡಿದ್ದರೆ ಜಗಳವಾಡಲಾದರೂ ತಿರುಗಿ ಬರುತ್ತಿದ್ದನೇನೋ.

ಆಮೇಲೆ ನಾನು ಈ ಪುರಭವನದ ಮಾರ್ಗದರ್ಶಿಯಾದೆ. ನಮ್ಮೂರಿನವರು ನನ್ನನ್ನು ಆಡಿಕೊಳ್ಳುತ್ತಾರೆ, "ಆ ಯಮ್ಮ ಕಮಾನು, ವಿಗ್ರಹ ಎಲ್ಲ ಬಿಟ್ಟು ಮೊದಲು ಗಂಟೆ ಪುರಾಣ ಶುರುಮಾಡುತ್ತೆ" ಎಂದು. ಹೌದು, ಮಾಡುತ್ತೇನೆ. ಜಪಾನಿನವರು ಬಂದರೂ, ಬ್ರೆಜಿಲ್‌ನವರು ಬಂದರೂ ಮೊದಲು ಅದನ್ನೇ ಹೇಳುತ್ತೇನೆ. ಅವರಲ್ಲಿ ಯಾರಾದರೂ ಯಾರಿಗಾದರೂ ಎಂಟಕ್ಕೆ ಸಿಗುತ್ತೇನೆ ಎಂದು ಹೇಳಿರಬಹುದಲ್ಲವೇ?

ಕಳೆದ ತಿಂಗಳು ಇಲ್ಲಿರುವ ಕುಶಲಕರ್ಮಿಗಳು ತಲೆಗೆ ಹಳದಿ ಟೋಪಿ ಹಾಕಿಸಿ ನನ್ನನ್ನು ಸಾರುವೆಯ ಮೇಲೆ ಹತ್ತಿಸಿದರು. ಬಲಗಡೆಯಿಂದ ಎರಡನೆಯ ಶಿಖರ. ಹಾಪ್ಸ್ ಎಲೆಯನ್ನು ತೊಳೆದಿದ್ದರು. ಅಂಚು ಸ್ವಲ್ಪ ಸವೆದಿದೆ, ನರಗಳು ಇನ್ನೂ ಇವೆ. ಕೈಯಿಟ್ಟು ನೋಡಿದೆ. ಬಿಸಿಲಿಗೆ ಬೆಚ್ಚಗಿತ್ತು. ನಿನ್ನೆ ಸಾರುವೆ ಇಳಿಯಿತು. ನನ್ನ ವಯಸ್ಸಿಗೆ ಇನ್ನೊಂದು ದುರಸ್ತಿ ಸಿಗುವುದಿಲ್ಲ.

ಈಗ ಗಂಟೆಯ ವಿಚಾರಕ್ಕೆ ಬರುತ್ತೇನೆ, ತೈಸ್. ನನ್ನ ಕಥೆ ಕೇಳಿ ಹೋಟೆಲಿನವರು ಖುಷಿಯಾಗಿದ್ದಾರೆ, ಮುದುಕಿ ನಮ್ಮ ಕಡೆಗೇ ಮಾತಾಡುತ್ತಾಳೆ ಎಂದು. ಆ ಚಿಕ್ಕ ಗಂಟೆಯ ಬಾಯಿ ಕಟ್ಟಿಹಾಕಲು ಈ ಊರಿನಲ್ಲಿ ಯಾರಿಗಾದರೂ ಹಕ್ಕಿದ್ದರೆ ಅದು ನನಗೆ. ನಿಜ ಹೇಳುತ್ತೇನೆ, ಝುಲ್ಮಾಳ ಮೇಜಿನಿಂದ ಎದ್ದ ಸಂಜೆ ಅವಳನ್ನು ಇಳಿಸಿ ಕಾಲುವೆಗೆ ಎಸೆಯಬೇಕು ಅನ್ನಿಸಿತ್ತು.

ಆದರೆ ಇಷ್ಟು ವರ್ಷಗಳಿಂದ ನಾನು ಪ್ರತಿ ಸಂಜೆ ಏನು ಮಾಡುತ್ತಿದ್ದೇನೆ ಗೊತ್ತೇ? ಏಳೂವರೆಗೆ ಅಡುಗೆಮನೆಯ ಒಲೆ ಸಣ್ಣ ಮಾಡಿ ನಿಲ್ಲುತ್ತೇನೆ. ಮಾಯ್ಕೆ ಹೊಡೆಯುತ್ತಾಳೆ. ಬೆರಳು ಮಡಚುತ್ತೇನೆ. ಎಂಟು. ಅಲ್ಲಿಂದ ಹೆಂದ್ರಿಕ್ ಎಂಟು ಹೊಡೆಯುವವರೆಗಿನ ಆ ಅರ್ಧ ಗಂಟೆಯಲ್ಲಿ ಅವನಿನ್ನೂ ಸಿಗರೇಟು ಮುಗಿಸಿಲ್ಲ. ನಾನು ಈಗ ಶೂ ಒರೆಸದೆ, ಕೂದಲು ನೋಡಿಕೊಳ್ಳದೆ ಓಡಿದರೆ ಸಿಗುತ್ತಾನೆ. ದಿನವೂ ಹೆಂದ್ರಿಕ್ ಹೊಡೆಯುತ್ತಾನೆ, ದಿನವೂ ಒಲೆ ಜೋರು ಮಾಡುತ್ತೇನೆ. ಗಂಟೆ ನಿಂತಿದ್ದ ಈ ಮೂರು ವರ್ಷ ನನಗೆ ಆ ಅರ್ಧ ಗಂಟೆ ಇರಲಿಲ್ಲ. ಎಷ್ಟು ಕಷ್ಟವಾಯಿತು ಎಂದು ನಿಮಗೆ ಹೇಗೆ ಹೇಳಲಿ?

ಮಾಯ್ಕೆ ಸುಳ್ಳು ಹೇಳಲಿಲ್ಲ. ಇನ್ನೂ ಹೊತ್ತಿದೆ ಎಂದೇ ಹೇಳಿದಳು, ಕೇಳಿದವನಿಗೆ ಅವಳ ಮಾತು ಗೊತ್ತಿರಲಿಲ್ಲ, ಅಷ್ಟೇ. ಆದ್ದರಿಂದ ಸದಸ್ಯರಲ್ಲಿ ನನ್ನ ಬೇಡಿಕೆ ಇದು. ಅವಳ ಎಂಟನ್ನು ಅವಳಿಗೆ ಬಿಡಿ. ಬದಲಿಗೆ ಕಮಾನಿನ ಕೆಳಗೆ ಒಂದು ಕಲ್ಲು ಹಾಕಿಸಿ. ಅದರ ಮೇಲೆ ಈ ಊರಿಗೆ ಬರುವ ಎಲ್ಲರ ಭಾಷೆಗಳಲ್ಲಿ ಕೆತ್ತಿಸಿ, "ಇದು ಇನ್ನೂ ಎಂಟಲ್ಲ, ಕಾಯಿರಿ" ಎಂದು. ಗಲೀಸಿಯಾದ ಮಾತಿನಲ್ಲಿ ಮೊದಲು ಕೆತ್ತಿಸಿ. ಅಂಚಿಗೆ ಯಾವ ಎಲೆ ಹಾಕಬೇಕೆಂದು ನಾನು ಹೇಳಬೇಕಾಗಿಲ್ಲ.

ನನ್ನನ್ನು ಕರೆದ ಪುರಸಭೆಗೆ, ಕಲ್ಲು ತೊಳೆದ ಕೈಗಳಿಗೆ, ಬಿಯರು ಬಿಸಿಯಾಗುತ್ತಿದ್ದರೂ ಕುಳಿತ ನಿಮಗೆ, ಎದ್ದುಹೋಗದೆ ಕೇಳಿದ ನನ್ನ ಮಗಳಿಗೆ, ಎಲ್ಲರಿಗೂ ನಾನು ಋಣಿ. ಇನ್ನೇನು...

ಷ್! ಶುರುವಾಯಿತು. ಮಾತಾಡಬೇಡಿ.

...

ಎಂಟು. ಹೊಡೆದಳು ನನ್ನ ತಾಯಿ!

ಅಗೋ, ಹಿಂದಿನ ಸಾಲಿನಲ್ಲಿ ಹೊರಗಿನಿಂದ ಬಂದ ಅತಿಥಿಯೊಬ್ಬರು ಕೈಗಡಿಯಾರ ನೋಡದೆಯೇ ಎದ್ದು ಕೋಟು ಹಾಕಿಕೊಳ್ಳುತ್ತಿದ್ದಾರೆ. ಕುಳಿತುಕೊಳ್ಳಿ ಸ್ವಾಮಿ. ಪಕ್ಕದವರೇ, ಅವರಿಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳಿ, ಕೈ ಹಿಡಿದಾದರೂ ಕೂರಿಸಿ. ಹೋಗಬೇಡಿ. ಇನ್ನೂ ಅರ್ಧ ಗಂಟೆ ಇದೆ.

ನಮಸ್ಕಾರ.